ಎದ್ದು ನಿಂತು ಕೇಳ್ತೀನಿ ಅಂದಿದ್ದಿರಿ

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ,



ಹೊಳೆಯಾಚೆಯ ಹನ್ನೊಂದು ಮನೆಯವರ ಪರವಾಗಿ ನಿಮಗೆ ನಾನು ಬರೆಯುತ್ತಿರುವ ನಾಲ್ಕನೆಯ ಪತ್ರ ಇದು. ಮೊದಲನೆಯದನ್ನು ನಿಮ್ಮ ಕಚೇರಿಯ ಟಪಾಲಿನಲ್ಲಿ ಕೊಟ್ಟು ಸೀಲು ಹಾಕಿಸಿಕೊಂಡು ಬಂದೆ. ಎರಡನೆಯದನ್ನು ರಿಜಿಸ್ಟರ್ ಮಾಡಿದೆ. ಮೂರನೆಯದನ್ನು ಜನಸಂಪರ್ಕ ಸಭೆಯಲ್ಲಿ ನಿಮ್ಮ ಕೈಗೇ ಕೊಟ್ಟೆ. ನೀವು ಓದದೆ ಹಿಂದಕ್ಕೆ ಚಾಚಿದಿರಿ, ನಿಮ್ಮ ಆಪ್ತ ಸಹಾಯಕರು ಮಡಿಚಿ ಜೇಬಿಗಿಟ್ಟರು. ಮೂರಕ್ಕೂ ಸೇರಿ ಈತನಕ ಬಂದ ಉತ್ತರ ಒಂದೇ. ಸಂಕ್ರಾಂತಿಯ ದಿನ ವಾಟ್ಸ್ಯಾಪಿನಲ್ಲಿ ಎಳ್ಳುಬೆಲ್ಲದ ಚಿತ್ರ, ಅದರ ಕೆಳಗೆ ಕೈಮುಗಿದು ನಿಂತ ನೀವು. ಎಳ್ಳುಬೆಲ್ಲ ತಿಂದಾಯಿತು, ಒಳ್ಳೆಯ ಮಾತೂ ಆಡಿ ಮುಗಿಯಿತು. ಹಾಗಾಗಿ ನಾಲ್ಕನೆಯದು ಎಲ್ಲರೂ ಓದುವ ಜಾಗಕ್ಕೆ ಬಂದಿದೆ.

ನಿಮ್ಮ ಹೆಸರನ್ನಾಗಲಿ ಪಕ್ಷವನ್ನಾಗಲಿ ಬರೆಯುವುದಿಲ್ಲ. ನಮ್ಮ ಕಡೆಯವರಿಗೆ ಬರೆಯದೆಯೂ ಗೊತ್ತು. ಬೇರೆ ಕಡೆಯವರು ಇದು ತಮ್ಮ ಶಾಸಕರ ವಿಷಯವೇ ಇರಬೇಕು ಅಂದುಕೊಂಡರೆ ಅಂದುಕೊಳ್ಳಲಿ. ದೊಡ್ಡ ತಪ್ಪೇನೂ ಆಗಲಿಕ್ಕಿಲ್ಲ.

ಸಂಕದ ಕತೆ ಎಲ್ಲರಿಗೂ ಗೊತ್ತಿದ್ದದ್ದೇ, ಉದ್ದ ಮಾಡುವುದಿಲ್ಲ. ಹೊಳೆಗೆ ಅಡ್ಡ ಎರಡು ಅಡಿಕೆ ಮರ, ಹಿಡಿದುಕೊಳ್ಳಲಿಕ್ಕೆ ಒಂದು ಬಿದಿರ ಗಳ. ಪ್ರತಿ ಮಳೆಗಾಲ ಹೊಳೆ ಅದನ್ನು ಒಯ್ಯುತ್ತದೆ, ಪ್ರತಿ ವರ್ಷ ನಾವು ಇನ್ನೆರಡು ಮರ ಕಡಿಯುತ್ತೇವೆ. ಪಂಚಾಯಿತಿಯ ದುಡ್ಡಿಗೆ ಸೇತುವೆ ನಿಲುಕುವುದಿಲ್ಲ. ಮೇಲಿನ ಇಲಾಖೆ ಪಕ್ಕದ ಇಲಾಖೆಯ ಕಡೆ ಕೈ ತೋರಿಸುತ್ತದೆ, ಪಕ್ಕದ್ದು ಮತ್ತೆ ಮೇಲಕ್ಕೆ. ಶಾಲಾ ಸಂಪರ್ಕ ಸೇತು ಅನ್ನುವ ಯೋಜನೆಯ ಹೆಸರನ್ನು ನಾವೂ ಕೇಳಿದ್ದೇವೆ, ಸೇತುವೆಯನ್ನು ಮಾತ್ರ ಕಂಡಿಲ್ಲ. ಹೋದ ಆಷಾಢದಲ್ಲಿ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಜಾರಿ ಬಿದ್ದಳು. ಕೆಳಗಿನ ಕೇದಗೆ ಮಟ್ಟಿಗೆ ಸಿಕ್ಕಿಕೊಂಡು ಜೀವ ಉಳಿಯಿತು, ಕೈ ಮುರಿಯಿತು. ಪುಸ್ತಕದ ಚೀಲ ಸಿಗಲಿಲ್ಲ.

ಮೂರನೇ ದಿನ ನೀವು ಬಂದಿರಿ. ಬಂದದ್ದಕ್ಕೆ ಇವತ್ತಿಗೂ ನಮಗೆ ಸಂತೋಷವಿದೆ. ನಮ್ಮ ಜಗಲಿಯಲ್ಲಿ ಕೂತು ಕಾಫಿ ಕುಡಿದಿರಿ. ನಾನು ಹೊಸ ಅರ್ಜಿ ಮುಂದಿಟ್ಟಾಗ ಅದನ್ನು ಪಕ್ಕಕ್ಕೆ ಸರಿಸಿ ಹೇಳಿದಿರಿ: "ಅಕ್ಕಾ, ಈ ಅರ್ಜಿಗಿರ್ಜಿಯಿಂದ ಆಗೋ ಕೆಲಸ ಅಲ್ಲ ಇದು. ಬೆಳಗಾವಿ ಅಧಿವೇಶನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಹಾಕ್ತೀನಿ. ಎದ್ದು ನಿಂತು ಕೇಳ್ತೀನಿ. ಬೇಕಾದ್ರೆ ಬಂದು ನೋಡಿ, ಪಾಸ್ ಮಾಡಿಸಿಕೊಡ್ತೀನಿ."

ಸೇತುವೆ ಕಟ್ಟಿಸ್ತೀನಿ ಅಂತ ನೀವು ಅಂದಿದ್ದರೆ ನಾನು ನಂಬುತ್ತಿರಲಿಲ್ಲ, ಈ ಪತ್ರವನ್ನೂ ಬರೆಯುತ್ತಿರಲಿಲ್ಲ. ಅದು ನಿಮ್ಮೊಬ್ಬರ ಕೈಯಲ್ಲಿಲ್ಲ ಅನ್ನುವುದು ಎರಡು ಅವಧಿ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದ ನನಗೆ ಗೊತ್ತಿಲ್ಲವೇ? ಅನುದಾನ, ಅಂದಾಜು ಪಟ್ಟಿ, ಟೆಂಡರು, ಒಪ್ಪಿಗೆ, ನೂರೆಂಟು ಗಂಟು. ಆದರೆ ಎದ್ದು ನಿಲ್ಲುವುದು ನಿಮ್ಮ ಕೈಯಲ್ಲೇ ಇತ್ತು. ಅದಕ್ಕೆ ಅನುದಾನ ಬೇಡ, ಯಾರ ಒಪ್ಪಿಗೆಯೂ ಬೇಡ. ಎರಡು ಕಾಲು ಸಾಕು.

ನಾವು ಮೂವರು ಹೊರಟೆವು. ನಾನು, ಆ ಹುಡುಗಿಯ ತಾಯಿ, ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷರು. ಅಡಿಕೆ ಕೊಯ್ಲಿನ ಕಾಲ, ಮೂರು ಆಳಿನ ಎರಡು ದಿನದ ಕೂಲಿ ಹೋಯಿತು. ಶಿವಮೊಗ್ಗದಿಂದ ರಾತ್ರಿ ಬಸ್ಸು. ಬೆಳಗಾವಿಯ ಡಿಸೆಂಬರ್ ಚಳಿ ಎಂಥದ್ದೆಂದು ಬೆಳಗಿನ ಜಾವ ಬಸ್‌ಸ್ಟ್ಯಾಂಡಿನಲ್ಲಿ ಗೊತ್ತಾಯಿತು. ಹೆದ್ದಾರಿಯ ಪಕ್ಕದ ದಿಬ್ಬದ ಮೇಲೆ ಸುವರ್ಣ ವಿಧಾನಸೌಧ ದೂರದಿಂದಲೇ ಕಾಣುತ್ತದೆ. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಉದ್ಘಾಟಿಸಿದ ಕಟ್ಟಡ. ವರ್ಷದ ಹೆಚ್ಚಿನ ದಿನ ಅದರಲ್ಲಿ ಸದನ ಇರುವುದಿಲ್ಲ. ಸದನ ಇರುವ ದಿನಗಳಲ್ಲಿ ಹೊರಗಡೆ ಶಾಮಿಯಾನಗಳು ಏಳುತ್ತವೆ, ಒಂದೊಂದರ ಕೆಳಗೂ ಒಂದೊಂದು ಅಳಲು. ನಾವು ಅಲ್ಲಿ ಧರಣಿ ಕೂತವರನ್ನು ದಾಟಿಕೊಂಡು ಒಳಗೆ ಹೋದೆವು. ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಜಂಬದಿಂದಲೇ ಹೋದೆವು. ಅವರಿಗೆ ಬೀದಿಯಿತ್ತು, ನಮಗೆ ಶಾಸಕರಿದ್ದರು.

ಗ್ಯಾಲರಿಯಲ್ಲಿ ಕೂತವರು ಮಾತಾಡಬಾರದು, ಕಾಲಮೇಲೆ ಕಾಲು ಹಾಕಬಾರದು, ಫೋನು ಹೊರಗೇ ಬಿಟ್ಟು ಬರಬೇಕು. ಕೆಮ್ಮಿದರೂ ಮಾರ್ಷಲ್ ತಿರುಗಿ ನೋಡುತ್ತಾರೆ. ನಿಮ್ಮ ಸೀಟು ಯಾವುದೆಂದು ನಿಮ್ಮ ಸಹಾಯಕರೇ ತೋರಿಸಿಕೊಟ್ಟಿದ್ದರು. ಪ್ರಶ್ನೋತ್ತರ ಶುರುವಾಯಿತು. ನಮ್ಮ ಸರದಿ ಬಂತು. ಸಭಾಧ್ಯಕ್ಷರು ಸಂಖ್ಯೆ ಓದಿ ನಿಮ್ಮ ಹೆಸರು ಕರೆದರು. ತಲೆಯೆತ್ತಿ ಆ ಕಡೆ ನೋಡಿ ಇನ್ನೊಮ್ಮೆ ಕರೆದರು. ಆಮೇಲೆ ಮುಂದಿನ ಪ್ರಶ್ನೆಗೆ ಹೋದರು. ಅಷ್ಟೇ. ನಮ್ಮೂರಿನ ಹೊಳೆ ಕರ್ನಾಟಕದ ವಿಧಾನಸಭೆಯಲ್ಲಿ ಹರಿದದ್ದು ಅಷ್ಟು ಹೊತ್ತು.

ಹುಡುಗಿಯ ತಾಯಿ ನನ್ನ ಸೆರಗು ಜಗ್ಗಿ, "ಅಕ್ಕಾ, ನಮ್ದು ಬಂತಾ?" ಅಂತ ಪಿಸುಗುಟ್ಟಿದಳು. "ಬಂತು" ಅಂದೆ. "ಏನಂದ್ರು?" ಅಂದಳು.

ಏನೆಂದು ಹೇಳಲಿ, ಶಾಸಕರೇ? ಆ ಪ್ರಶ್ನೆಯನ್ನು ನಿಮಗೇ ದಾಟಿಸುತ್ತಿದ್ದೇನೆ. ಇದಕ್ಕೆ ಚುಕ್ಕೆ ಗುರುತು ನಾವೇ ಹಾಕಿಕೊಂಡಿದ್ದೇವೆ.

ಸಾಹೇಬ್ರು ಮಿನಿಸ್ಟ್ರ ಕೊಠಡಿಯಲ್ಲಿದ್ರು, ಅರ್ಜೆಂಟ್ ಮೀಟಿಂಗು ಅಂತ ನಿಮ್ಮ ಸಹಾಯಕರು ಹೇಳಿದರು. ಇರಬಹುದು. ಆದರೆ ಪ್ರಶ್ನೆಗೆ ಹದಿನೈದು ದಿನ ಮೊದಲೇ ಸೂಚನೆ ಕೊಟ್ಟವರು ನೀವೇ. ಪಟ್ಟಿ ನಿಮ್ಮ ಕೈಯಲ್ಲಿತ್ತು, ದಿನ ಗೊತ್ತಿತ್ತು, ಮೂರು ಜನ ಇನ್ನೂರು ಮೈಲಿಯ ಸುತ್ತು ಬಳಸಿ ಬಂದು ಮೇಲೆ ಕೂತಿದ್ದಾರೆಂದೂ ಗೊತ್ತಿತ್ತು. ಪಾಸ್ ಬರೆಸಿಕೊಟ್ಟದ್ದು ನಿಮ್ಮ ಕಚೇರಿಯೇ. ಹೋಗಲಿ, ನನ್ನ ಪರವಾಗಿ ನೀವು ಕೇಳಿ ಅಂತ ಪಕ್ಕದ ಕ್ಷೇತ್ರದವರಿಗೆ ಒಂದು ಮಾತು ಹೇಳಿಟ್ಟಿದ್ದರೂ ಆಗುತ್ತಿತ್ತು.

ಸಂಜೆ ನಿಮ್ಮ ಸಹಾಯಕರು ಉತ್ತರದ ಪ್ರತಿ ತಂದುಕೊಟ್ಟರು. ಅದನ್ನು ಹಾಗೇ ಕಾಪಾಡಿ ಇಟ್ಟಿದ್ದೇನೆ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. (ಅ) ಮಳೆಗಾಲದಲ್ಲಿ ಶಾಲಾ ಮಕ್ಕಳು ಹೊಳೆ ದಾಟಲು ತೊಂದರೆ ಅನುಭವಿಸುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಉತ್ತರ: ಬಂದಿದೆ. (ಆ) ಬಂದಿದ್ದಲ್ಲಿ, ಕೈಗೊಂಡಿರುವ ಕ್ರಮಗಳೇನು? ಉತ್ತರ: ಅನುದಾನದ ಲಭ್ಯತೆಗನುಗುಣವಾಗಿ ಪರಿಶೀಲಿಸಲಾಗುವುದು. (ಇ) ಎಷ್ಟು ಕಾಲಮಿತಿಯಲ್ಲಿ ಕಾಮಗಾರಿ ಪೂರ್ಣಗೊಳಿಸಲಾಗುವುದು? ಉತ್ತರ: ಉದ್ಭವಿಸುವುದಿಲ್ಲ.

ಉದ್ಭವಿಸುವುದಿಲ್ಲ! ಆಷಾಢದಲ್ಲಿ ನಮ್ಮ ಹೊಳೆಯ ದಡಕ್ಕೆ ಬಂದು ನಿಂತರೆ ಏನೇನು ಉದ್ಭವಿಸುತ್ತದೆ ಅಂತ ತೋರಿಸಬಹುದಿತ್ತು.

ಬರೆದುಕೊಟ್ಟ ಉತ್ತರ ಬಂದಿದೆಯಲ್ಲ, ಇನ್ನೇನು ರಗಳೆ ಅಂತ ನಿಮ್ಮ ಕಡೆಯವರು ಕೇಳಿದರು. ಚುಕ್ಕೆ ಗುರುತು ಯಾಕೆ ಇರುತ್ತದೆಂದು ಅವರಿಗೆ ನೀವು ಹೇಳಿಕೊಟ್ಟಂತಿಲ್ಲ, ನಾನು ಹೇಳುತ್ತೇನೆ. ಚುಕ್ಕೆ ಇಲ್ಲದ ಪ್ರಶ್ನೆಗೆ ಕಾಗದದ ಉತ್ತರ ಮಾತ್ರ. ಚುಕ್ಕೆ ಇದ್ದರೆ ಮಂತ್ರಿಗಳು ಸದನದಲ್ಲೇ ಉತ್ತರ ಹೇಳಬೇಕು, ಕೇಳಿದವರು ಅದರ ಮೇಲೆ ಉಪಪ್ರಶ್ನೆ ಹಾಕಬಹುದು. ಜೀವ ಇರುವುದು ಆ ಉಪಪ್ರಶ್ನೆಯಲ್ಲಿ. "ಲಭ್ಯತೆ ಅಂದ್ರೆ ಯಾವಾಗ ಸ್ವಾಮಿ, ಇನ್ನೊಂದು ಮಗು ಬಿದ್ದ ಮೇಲಾ?" ಅಂತ ಒಂದೇ ಮಾತು ಕೇಳಿದ್ದರೆ, ಪತ್ರಕರ್ತರೂ ವಿರೋಧಿಗಳೂ ನೋಡುತ್ತಿರುವಾಗ "ಆಯ್ತು, ಮಾಡಿಸೋಣ" ಅನ್ನುವುದೊಂದು ಮಂತ್ರಿಗಳ ಬಾಯಲ್ಲಿ ಬರುತ್ತಿತ್ತೋ ಏನೋ. ಬಂದಿದ್ದರೆ ಅದು ನಡಾವಳಿಗೆ ಸೇರುತ್ತಿತ್ತು. ಸರ್ಕಾರ ಸದನದಲ್ಲಿ ಕೊಟ್ಟ ಮಾತುಗಳನ್ನು ಹಿಂಬಾಲಿಸಲಿಕ್ಕೆಂದೇ ಭರವಸೆಗಳ ಸಮಿತಿ ಅಂತ ಒಂದಿದೆ. ಕೊಟ್ಟ ಮಾತು ಏನಾಯಿತು ಅಂತ ಅದು ಇಲಾಖೆಯನ್ನು ಕರೆಸಿ ಕೇಳುತ್ತದೆ. ನೀವು ಏಳಲಿಲ್ಲ, ಹಾಗಾಗಿ ಮಂತ್ರಿಗಳು ಮಾತೇ ಕೊಡಬೇಕಾಗಲಿಲ್ಲ. ಕೊಡದ ಮಾತನ್ನು ಯಾವ ಸಮಿತಿ ಹಿಂಬಾಲಿಸುತ್ತದೆ?

ನೀವು ನಮಗೆ ಕೊಟ್ಟ ಮಾತಿಗಂತೂ ಸಮಿತಿಯೇ ಇಲ್ಲ. ಈ ಪತ್ರವೇ ಸಮಿತಿ.

ಊರಿಗೆ ಬಂದು ನೋಡಿದರೆ ಪೇಟೆಯ ಸರ್ಕಲ್ಲಿನಲ್ಲಿ ಫ್ಲೆಕ್ಸು. ಹತ್ತಡಿ ಎತ್ತರ, ನೀವು ಬೆರಳೆತ್ತಿ ನಿಂತಿದ್ದೀರಿ. "ಕಾಲುಸಂಕಕ್ಕಾಗಿ ಸದನದಲ್ಲಿ ಗುಡುಗಿದ ಜನನಾಯಕನಿಗೆ ಅಭಿನಂದನೆಗಳು." ಕೆಳಗೆ ಶುಭ ಕೋರುವವರ ಇಪ್ಪತ್ತು ತಲೆ. ನಮ್ಮ ಕಡೆ ಗುಡುಗಿದ ಮೇಲೆ ನಾಲ್ಕು ಹನಿಯಾದರೂ ಬೀಳುತ್ತದೆ. ನಿಮ್ಮ ಗುಡುಗನ್ನು ಕೇಳಲಿಕ್ಕೆಂದೇ ಬೆಳಗಾವಿಗೆ ಹೋಗಿದ್ದ ಮೂವರಿಗೂ ಅದು ಕೇಳಿಸಲಿಲ್ಲವಲ್ಲ. ಬಾರದೆ ಹೋದದ್ದನ್ನು ನುಂಗಿಕೊಳ್ಳಬಹುದಿತ್ತು. ಮನುಷ್ಯ ಅಂದ ಮೇಲೆ ಕೆಲಸ ಬೀಳುತ್ತದೆ, ಮರೆವಾಗುತ್ತದೆ, ಹೊಟ್ಟೆ ಕೆಡುತ್ತದೆ. ಬಾರದೆಯೇ ಬಂದೆ ಅಂದದ್ದು ಗಂಟಲಲ್ಲಿ ಇಳಿಯುವುದಿಲ್ಲ.

ಈಗ ಲೆಕ್ಕದ ಮಾತು. ವಿಧಾನಸಭೆಯಲ್ಲಿ 224 ಜನ. ಮೊದಲು ನಾಮಕರಣವಾಗುತ್ತಿದ್ದ ಆಂಗ್ಲೋ ಇಂಡಿಯನ್ ಪ್ರತಿನಿಧಿ ಸೇರಿ 225 ಆಗುತ್ತಿತ್ತು, 2020ರಿಂದ ಅದು ನಿಂತಿತು. ಸಭೆ ನಡೆಯಲಿಕ್ಕೆ ಹತ್ತರಲ್ಲೊಂದು ಪಾಲು ಇದ್ದರೆ ಆಯಿತು, ಅಂದರೆ 23 ತಲೆ. ಉಳಿದ 201 ಜನ ಎಲ್ಲಿದ್ದರೂ ಸದನಕ್ಕೆ ಕೊರತೆಯಿಲ್ಲ. ಅಲ್ಲಿಂದ ನೋಡಿದರೆ ನೀವು ಬಾರದೆ ಹೋದದ್ದು ಒಂದು ಕುರ್ಚಿಯ ವಿಷಯ. ನಮ್ಮ ಹೊಳೆಯ ದಡದಿಂದ ನೋಡಿ. ನಮಗೆ ಇರುವುದೇ ಒಂದು ಕುರ್ಚಿ. ಅದು ಖಾಲಿಯಾದರೆ ನಮ್ಮ ಪಾಲಿಗೆ ಇಡೀ ವಿಧಾನಸಭೆ ಖಾಲಿ. ಪಕ್ಕದ ಕ್ಷೇತ್ರದ ಶಾಸಕರು ಎಷ್ಟು ಚೆನ್ನಾಗಿ ಮಾತಾಡಿದರೂ ನಮ್ಮ ಹೊಳೆಗೆ ಸಂಕ ಬೀಳುವುದಿಲ್ಲ.

ನಮ್ಮ ಗ್ರಾಮಸಭೆಗೂ ಕೋರಂ ಇದೆ. ಪಂಚಾಯಿತಿಯ ಸಭೆಗೆ ಸತತವಾಗಿ ಹೋಗದಿದ್ದರೆ ನನ್ನ ಸದಸ್ಯತ್ವವೇ ಹೋಗುತ್ತಿತ್ತು. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಗೈರಾದ ಮರುದಿನ ಬೆಳಿಗ್ಗೆ ಡೈರಿಗೆ ಹಾಲು ಹಾಕಲಿಕ್ಕೆ ಹೋದರೆ, "ಏನೇ, ನಿನ್ನೆ ಎಲ್ಲಿ ಸತ್ತಿದ್ದೆ?" ಅಂತ ಯಾರಾದರೂ ಕೇಳಿಯೇ ಕೇಳುತ್ತಿದ್ದರು. ಈ ಕೆಲಸಕ್ಕೆ ತಿಂಗಳ ಗೌರವಧನ ಎರಡು ಸಾವಿರ ದಾಟಿದ್ದಿಲ್ಲ. ಅದೂ ಹೊತ್ತಿಗೆ ಬಂದರೆ.

ನಿಮ್ಮದು? 2025ರ ಮಾರ್ಚ್ 21ರಂದು ಶಾಸಕರ ತಿಂಗಳ ಸಂಬಳ 40 ಸಾವಿರದಿಂದ 80 ಸಾವಿರಕ್ಕೆ ಏರಿತು, ಭತ್ಯೆಗಳು ಬೇರೆ. ಸದನದಲ್ಲಿ ಗದ್ದಲವೋ ಗದ್ದಲ, ಕಾಗದ ಹರಿದು ತೂರಾಟ, ಅದೇ ದಿನ 18 ಶಾಸಕರು ಆರು ತಿಂಗಳ ಮಟ್ಟಿಗೆ ಅಮಾನತು. ಅಷ್ಟು ಗದ್ದಲದಲ್ಲೂ ಸಂಬಳದ ವಿಧೇಯಕಗಳು ಮಾತ್ರ ಕೂದಲು ಕೊಂಕದಂತೆ ಪಾಸಾದವು. 2022ರ ಫೆಬ್ರವರಿಯಲ್ಲೂ ಹೀಗೇ, ಧರಣಿಯ ಕೂಗಿನ ನಡುವೆ ಚರ್ಚೆಯಿಲ್ಲದೆ. ಸಂಬಳ ಏರಲಿ, ನನ್ನದೇನೂ ತಕರಾರಿಲ್ಲ. ಬಡವರ ಮಕ್ಕಳೂ ಶಾಸಕರಾಗಬೇಕಾದರೆ ಸಂಬಳ ಬೇಕು. ಆದರೆ ಗದ್ದಲದಲ್ಲಿ ನಿಮ್ಮ ಸಂಬಳ ಪಾಸಾಗುತ್ತದೆ, ಶಾಂತವಾದ ಸದನದಲ್ಲಿ ನಮ್ಮ ಪ್ರಶ್ನೆ ಬಿದ್ದುಹೋಗುತ್ತದೆ. ಇದು ಯಾವ ಊರಿನ ನ್ಯಾಯ?

ವರ್ಷಕ್ಕೆ ಕನಿಷ್ಠ 60 ದಿನ ಸದನ ನಡೆಯಬೇಕೆಂದು 2005ರಲ್ಲಿ ಕಾಯ್ದೆ ಮಾಡಿದವರು ನೀವೇ, ಅಂದರೆ ನಿಮ್ಮ ಸದನದ ಹಿರಿಯರೇ. ಆ ಅರವತ್ತು ತುಂಬಿದ ವರ್ಷವನ್ನು ಹುಡುಕಬೇಕಾಗಿದೆ. ನರೇಗಾ ಹಾಜರಿಯಲ್ಲಿ ಒಂದು ದಿನ ಹೆಚ್ಚುಕಮ್ಮಿಯಾದರೆ ನಮ್ಮ ಕೂಲಿ ತಡೆಯುವ ಸರ್ಕಾರ, ತಾನೇ ಮಾಡಿದ ಕಾಯ್ದೆಯ ಹಾಜರಿಯನ್ನು ಯಾರಿಗೆ ತೋರಿಸುತ್ತದೆ? ಊಟವಾದ ಮೇಲೆ ಸದಸ್ಯರು ಮಲಗಲಿಕ್ಕೆ ಹೋದವರು ವಾಪಸು ಬರುವುದಿಲ್ಲವೆಂದು 2025ರ ಬಜೆಟ್ ಅಧಿವೇಶನಕ್ಕೆ ಅಲ್ಲೇ ಒರಗುಕುರ್ಚಿ ಹಾಕಿಸಿದ್ದನ್ನು ಪೇಪರಿನಲ್ಲಿ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮ ಅಂಗನವಾಡಿಯಲ್ಲೂ ಊಟದ ಮೇಲೆ ಚಾಪೆ ಹಾಸುತ್ತಾರೆ. ಅಲ್ಲಿಯವರಿಗೆ ಆರು ವರ್ಷ ತುಂಬಿರುವುದಿಲ್ಲ.

ಇನ್ನು ಮೇಲ್ಮನೆ. ಅದರ 75 ಜನರಲ್ಲಿ 25 ಜನರನ್ನು ಆರಿಸುವವರು ನೀವು, ಇನ್ನು 25 ಜನರನ್ನು ಆರಿಸುವವರು ನಮ್ಮಂಥ ಸ್ಥಳೀಯ ಸಂಸ್ಥೆಗಳ ಸದಸ್ಯರು, ಏಳೇಳು ಜನ ಪದವೀಧರರಿಂದ ಮತ್ತು ಶಿಕ್ಷಕರಿಂದ, 11 ಜನ ರಾಜ್ಯಪಾಲರ ನಾಮಕರಣದಿಂದ. 2021ರ ಡಿಸೆಂಬರಿನಲ್ಲಿ ನಾನೂ ನೇರಳೆ ಶಾಯಿಯ ಪೆನ್ನು ಹಿಡಿದು ಪ್ರಾಶಸ್ತ್ಯದ ಅಂಕಿ ಬರೆದು ಬಂದವಳು. ಆ ಒಂದು ತಿಂಗಳು ಪಂಚಾಯಿತಿ ಸದಸ್ಯರಿಗೆ ಎಲ್ಲ ಪಕ್ಷದವರೂ ತೋರಿಸಿದ ಮರ್ಯಾದೆಯನ್ನು ನೆನೆದರೆ ಈಗಲೂ ನಗು ಬರುತ್ತದೆ. ನಾನು ಗೆಲ್ಲಿಸಿದವರ ಮನೆ ಹಿರಿಯರ ಮನೆಯಂತೆ. ಅದಕ್ಕೆ ಒಂದು ವರ್ಷ ಮೊದಲು, 2020ರ ಡಿಸೆಂಬರ್ 15ರಂದು, ಅದೇ ಹಿರಿಯರ ಮನೆಯಲ್ಲಿ ಉಪಸಭಾಪತಿಯನ್ನು ಪೀಠದಿಂದ ಎಳೆದು ಇಳಿಸಿದ್ದನ್ನು ಟಿವಿಯಲ್ಲಿ ನೋಡಿದ್ದೆವು. ನಮ್ಮ ಗ್ರಾಮಸಭೆಯಲ್ಲೂ ಜಗಳವಾಗುತ್ತದೆ, ಒಮ್ಮೆ ಕುರ್ಚಿಯೂ ಹಾರಿದೆ. ಆದರೆ ಹೊಡೆದಾಡಿದವರು ಮರುದಿನ ಅದೇ ಸಂಕದ ಮೇಲೆ ಎದುರುಬದುರಾಗಬೇಕು, ಒಬ್ಬರಿಗೊಬ್ಬರು ಕೈಕೊಟ್ಟು ದಾಟಬೇಕು. ನಿಮಗೆ ಆ ಕಷ್ಟವಿಲ್ಲ.

ಪಂಚಾಯಿತಿಯಲ್ಲಿ ಅರ್ಧಕ್ಕರ್ಧ ಹೆಂಗಸರು. 2023ರಲ್ಲಿ ವಿಧಾನಸಭೆಗೆ ಗೆದ್ದ ಹೆಂಗಸರು 10. ಸಭಾಧ್ಯಕ್ಷರ ಪೀಠದಲ್ಲಿ ಈತನಕ ಕೂತ ಹೆಂಗಸು ಕೆ.ಎಸ್. ನಾಗರತ್ನಮ್ಮನವರೊಬ್ಬರೇ, ಅದೂ 1972ರಷ್ಟು ಹಿಂದೆ. ಮೂರರಲ್ಲೊಂದು ಪಾಲಿನ ಮೀಸಲು ಕಾಗದದ ಮೇಲೆ ಬಂದಿದೆ. ಅದು ಕುರ್ಚಿಯ ಮೇಲೆ ಬಂದು ಕೂತ ದಿನ, ಮಕ್ಕಳನ್ನು ಹೊಳೆ ದಾಟಿಸಿ ಗೊತ್ತಿರುವವರು ನಾಲ್ಕು ಜನರಾದರೂ ಒಳಗಿರುತ್ತಾರೆ ಅನ್ನುವ ಆಸೆ ನನಗಿದೆ.

ಎಲ್ಲಿಂದ ಎಲ್ಲಿಗೋ ಹೋದೆ. ಸಿಟ್ಟು ಬಂದವರ ಮಾತು ಹಾಗೇ, ಬೇಲಿ ಹಾರುತ್ತದೆ. ನಿಮ್ಮ ಕುರ್ಚಿಗೆ ವಾಪಸು ಬರುತ್ತೇನೆ.

1881ರ ದಸರೆಗೆ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿಸಿದಾಗ ಬಂದವರು 144 ಜನ. ಅವರಿಗೆ ಕಾಯ್ದೆ ಮಾಡುವ ಹಕ್ಕಿರಲಿಲ್ಲ, ದಿವಾನರನ್ನು ಇಳಿಸುವ ಹಕ್ಕಿರಲಿಲ್ಲ. ಇದ್ದದ್ದು ಊರಿನ ಅಹವಾಲನ್ನು ದೊರೆತನದ ಮುಂದೆ ಹೇಳುವ ಹಕ್ಕು ಮಾತ್ರ. ಅಷ್ಟಕ್ಕಾಗಿ ಜನ ಮೈಸೂರಿನ ತನಕ ಹೋದರು. ಎದ್ದು ನಿಂತು ಹೇಳುವುದು ಈ ನಾಡಿನ ಶಾಸನಸಭೆಯ ಮೊದಲ ಕೆಲಸ. ಕಾಯ್ದೆ, ಬಜೆಟ್ಟು, ಬಹುಮತ, ಅವಿಶ್ವಾಸ ಎಲ್ಲ ಆಮೇಲೆ ಬಂದವು. ಇದೇ ಮಲೆನಾಡಿನಿಂದ 1952ರಲ್ಲಿ ಗೆದ್ದು ಹೋದ ಶಾಂತವೇರಿ ಗೋಪಾಲಗೌಡರನ್ನು ಜನ ಇವತ್ತಿಗೂ ನೆನೆಯುವುದು ಅವರು ಮಾಡಿಸಿದ ರಸ್ತೆಗಾಗಿ ಅಲ್ಲ. ಅವರು ಮಂತ್ರಿಯೂ ಆದವರಲ್ಲ. ಸದನದಲ್ಲಿ ಗೇಣಿದಾರನ ಪರವಾಗಿ ಅವರು ಎದ್ದು ನಿಂತರೆ ಎದುರಿನವರು ಕೇಳಲೇಬೇಕಾಗಿತ್ತು. ಆ ಮಣ್ಣಿನ ಹೆಸರು ಹೇಳಿ ನೀವು ವೋಟು ಕೇಳಿದವರು. ಹತ್ತಡಿ ಫ್ಲೆಕ್ಸಿನಲ್ಲಿ ನಿಂತರೆ ನಿಂತಂತಾಗುವುದಿಲ್ಲ.

ನಮ್ಮ ಬೇಡಿಕೆ ಕೇಳಿಕೊಳ್ಳಿ. ಒಂದು, ಮುಂದಿನ ಅಧಿವೇಶನದಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಹಾಕಬೇಕು, ಹಾಕಿದ ದಿನ ಕುರ್ಚಿಯಲ್ಲಿರಬೇಕು. ಎರಡು, ಉದ್ಭವಿಸುವುದಿಲ್ಲ ಅನ್ನುವ ಉತ್ತರದ ಮೇಲೆ ಒಂದೇ ಒಂದು ಉಪಪ್ರಶ್ನೆ ಕೇಳಬೇಕು. ಬೇಕಾದರೆ ನಾನೇ ಬರೆದುಕೊಡುತ್ತೇನೆ, ಒಂದು ಸಾಲು. ಮೂರು, ನಿಮ್ಮ ಸದನದ ಹಾಜರಿಯನ್ನು ಕ್ಷೇತ್ರದ ಪ್ರತಿ ಪಂಚಾಯಿತಿಯ ನೋಟಿಸ್ ಬೋರ್ಡಿಗೆ ಹಚ್ಚಬೇಕು. ನರೇಗಾ ಪಟ್ಟಿಯ ಪಕ್ಕದಲ್ಲಿ ಜಾಗವಿದೆ. ನಾಲ್ಕು, ಆ ತಾಯಿಗೆ ಉತ್ತರ ಹೇಳಬೇಕು. ವಾಟ್ಸ್ಯಾಪಿನಲ್ಲಿ ಬೇಡ, ಜಗಲಿಗೆ ಬನ್ನಿ. ಕಾಫಿ ಈಗಲೂ ಇದೆ.

ಮಳೆ ಹತ್ತಿರ ಬಂತು. ಈ ವರ್ಷದ ಎರಡು ಅಡಿಕೆ ಮರ ಕಡಿದು ದಡಕ್ಕೆ ಹಾಕಿದ್ದೇವೆ, ಭಾನುವಾರ ಹುಡುಗರು ಸೇರಿ ಎತ್ತಿ ಕೂರಿಸುತ್ತಾರೆ. ಸರ್ಕಲ್ಲಿನ ನಿಮ್ಮ ಫ್ಲೆಕ್ಸು ಶಿವರಾತ್ರಿಯ ಗಾಳಿಗೆ ಒಂದು ಮಗ್ಗುಲು ಕಿತ್ತುಕೊಂಡು ಚರಂಡಿಯ ಮೇಲೆ ಜೋತಾಡುತ್ತಿತ್ತು. ಬಿಚ್ಚಿ ತಂದು ಶಾಲೆಯ ಬಿಸಿಯೂಟದ ಕಟ್ಟಿಗೆ ಒದ್ದೆಯಾಗದಂತೆ ಹೊದಿಸಿದ್ದೇವೆ. ಗಟ್ಟಿ ಮಾಲು, ಒಂದು ಮಳೆಗಾಲ ಬರುತ್ತದೆ. ಮುಖ ಒಳಮಗ್ಗುಲಿಗಿದೆ, ಬಣ್ಣ ಹೋಗಲಿಕ್ಕಿಲ್ಲ. ನೀವು ಎದ್ದು ನಿಂತ ಸುದ್ದಿ ಬಂದ ದಿನ ತೊಳೆದು, ಒಣಗಿಸಿ, ಮತ್ತೆ ಸರ್ಕಲ್ಲಿಗೆ ನಾವೇ ಕಟ್ಟುತ್ತೇವೆ.

ಇತಿ,
ಹೊಳೆಯಾಚೆಯ ವಾರ್ಡಿನ ಮಾಜಿ ಪಂಚಾಯಿತಿ ಸದಸ್ಯೆ
(ನೀವು ಅಕ್ಕಾ ಅಂತ ಕರೆದವಳು)